ಇನ್ನಾಸಪ್ಪ ಕಾಲು ತೊಳೆದುಕೊಂಡದ್ದು

ನದಿ ದಂಡೆಯ ಮೇಲೊಂದು ಕ್ರೈಸ್ತ ಆಶ್ರಮ. ಅಲ್ಲಿಯ ಗುರು ಚೌರಪ್ಪ ಸ್ವಾಮಿ. ಶಿಷ್ಯರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವನು ಇನ್ನಾಸಪ್ಪ. ಉಪವಾಸಕ್ಕೆ ಕೂತರೆ ನೀರನ್ನೂ ಯೋಚಿಸಿ ಕುಡಿಯುವ ಆಸಾಮಿ.

ಪವಿತ್ರ ಗುರುವಾರ ಬಂತು. ಯೇಸು ತನ್ನ ಶಿಷ್ಯರ ಕಾಲು ತೊಳೆದ ದಿನ. ಅಂದು ಸಂಜೆ ಸ್ವಾಮಿ ಹನ್ನೆರಡು ಮಂದಿಯನ್ನು ಬೆಂಚಿನ ಮೇಲೆ ಕೂರಿಸಿ, ಮಂಡಿಯೂರಿ ಒಬ್ಬೊಬ್ಬರ ಕಾಲನ್ನೂ ತೊಳೆಯುವುದು ಪದ್ಧತಿ. ಈ ಸಲ ಇನ್ನಾಸಪ್ಪನಿಗೂ ಅಲ್ಲಿ ಜಾಗ ಸಿಕ್ಕಿತ್ತು.

ಹಿಂದಿನ ರಾತ್ರಿಯೇ ಅವನಿಗೆ ನಿದ್ದೆ ಹಾರಿಹೋಗಿತ್ತು. ಅಂಥ ಕೈಗೆ ಇಂಥ ಕಾಲು ಕೊಡುವುದು ಹೇಗೆ? ಸ್ವಾಮಿ ಮುಟ್ಟಿದರೆ ದೇವರೇ ಒಪ್ಪಿಕೊಂಡ ಹಾಗೆ, ಮುಟ್ಟದಿದ್ದರೆ ಇಷ್ಟು ವರ್ಷದ ತಪಸ್ಸೆಲ್ಲ ನೀರುಪಾಲು ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

ಗುರುವಾರ ಮಧ್ಯಾಹ್ನವೇ ಬಾವಿಕಟ್ಟೆಯಲ್ಲಿ ಕೂತು ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿದ. ಉಗುರಿನ ಸಂದಿಗೆ ಕಡ್ಡಿ ಹಾಕಿದ. ಸೋಪು ಅರ್ಧ ಕರಗಿತು. ಆಮೇಲೆ ಕಾಲಿಗೆ ಮಣ್ಣು ತಾಗದಂತೆ ಗೋಣಿಚೀಲ ಹಾಸಿಕೊಳ್ಳುತ್ತ ಬೆಂಚಿನವರೆಗೆ ಬಂದು, ಕಾಲು ಮೇಲಿಟ್ಟು ಜಪಸರ ಹಿಡಿದ.

ಅಡುಗೆಯ ಮಾರ್ತಮ್ಮ ಕೂಗಿದಳು. "ಇನ್ನಾಸಪ್ಪ, ಸೊಂಟ ಹಿಡ್ಕೊಂಡಿದೆ ಕಣಪ್ಪ. ಒಂದು ಬಿಂದಿಗೆ ನೀರು ತಂದ್ಕೊಡು."

"ಕಾಲು ಮಣ್ಣಾಗುತ್ತಲ್ಲ, ಮಾರ್ತಮ್ಮ."

"ಓ, ಹಂಗಾ," ಎಂದು ಅವಳೇ ಬಿಂದಿಗೆ ಎತ್ತಿಕೊಂಡು ಹೋದಳು.

ಸಂಜೆ ಸ್ವಾಮಿ ಬೋಗುಣಿ, ಟವೆಲು ಹಿಡಿದು ಬಂದರು. ಒಬ್ಬೊಬ್ಬರ ಕಾಲು ತೊಳೆದು, ಒರೆಸಿ, ಮುತ್ತಿಟ್ಟರು. ಇನ್ನಾಸಪ್ಪನ ಮುಂದೆ ಕೂತು ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೂಸಿದರು.

"ಇದು ಆಗಿದೆ," ಎಂದು ಪಕ್ಕದವನ ಕಡೆ ಸರಿದರು.

ಇನ್ನಾಸಪ್ಪನ ಮುಖ ಹರಳೆಣ್ಣೆ ಕುಡಿದವನಂತಾಯಿತು. ಪೂಜೆ ಮುಗಿದದ್ದೇ ಸ್ವಾಮಿಯ ಬೆನ್ನು ಹತ್ತಿದ.

"ಸ್ವಾಮಿ, ನನ್ನೊಬ್ಬನನ್ನೇ ಯಾಕೆ ಬಿಟ್ಟಿರಿ?"

"ನನಗೆ ಕೆಲಸವನ್ನೇ ಉಳಿಸಿರಲಿಲ್ಲವಲ್ಲ."

"ಕೃಪೆಗೆ ಯೋಗ್ಯನಾಗಬೇಕು ಅಂತ ತೊಳೆದುಕೊಂಡೆ."

"ಯೋಗ್ಯನಾಗಿಬಿಟ್ಟೆಯಲ್ಲ. ಇನ್ನು ಕೃಪೆ ಯಾಕೆ?"

ಇನ್ನಾಸಪ್ಪನಿಗೆ ಅಳು, ಸಿಟ್ಟು ಒಟ್ಟಿಗೆ ಬಂದವು. ಬಟ್ಟೆ ಗಂಟು ಕಟ್ಟಿಕೊಂಡು, ಊರಿಗೇ ಹೋಗುತ್ತೇನೆಂದು ದೋಣಿಯ ಕಡೆ ದಡದಡ ಇಳಿದ. ದಂಡೆಯ ಕೆಸರು ಅವನನ್ನು ಮಂಡಿಯವರೆಗೆ ನುಂಗಿತು. ಕಾಲು ಎಳೆದಷ್ಟೂ ಒಳಕ್ಕೆ ಹೋಗುತ್ತಿತ್ತು. ಪುಟಗಟ್ಟಲೆ ಪ್ರಾರ್ಥನೆ ಬಾಯಿಪಾಠ ಇದ್ದವನಿಗೆ ಆಗ ಒಂದೂ ನೆನಪಾಗಲಿಲ್ಲ.

"ಸ್ವಾಮೀ, ಮುಳುಗಿದೆ. ಕೈ ಕೊಡಿ."

ಸ್ವಾಮಿ ಓಡಿಬಂದರು. ಸೊಂಟ ಹಿಡಿದುಕೊಂಡೇ ಮಾರ್ತಮ್ಮನೂ ಬಂದಳು. ಇಬ್ಬರೂ ಕೆಸರಿಗಿಳಿದು ಮೂಲಂಗಿ ಕೀಳುವ ಹಾಗೆ ಅವನನ್ನು ಕಿತ್ತರು. ಗಂಟು ನದಿಯಲ್ಲಿ ತೇಲಿಹೋಯಿತು.

ಅವನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಸ್ವಾಮಿ ಮತ್ತೆ ಬೋಗುಣಿ ತಂದರು. ಇನ್ನಾಸಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ಬೇಡಿ ಸ್ವಾಮಿ. ಈ ಕಾಲು ಹೇಗಿದೆ ನೋಡಿ."

"ನೋಡಿದೆ. ಕೊಡು."

ಸ್ವಾಮಿ ಬೆರಳ ಸಂದಿಯ ಕೆಸರನ್ನೆಲ್ಲ ತೊಳೆದರು. ಇನ್ನಾಸಪ್ಪ ಬಿಕ್ಕಿ ಬಿಕ್ಕಿ ಅತ್ತ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸುಖವಾಗಿತ್ತು.

"ಇಷ್ಟು ವರ್ಷ ಪ್ರಾರ್ಥಿಸಿದ್ದು ದೇವರಿಗೆ ಕೇಳಿಸಲೇ ಇಲ್ಲವಾ, ಸ್ವಾಮಿ?"

"ನೀನು ಏನನ್ನೂ ಬೇಡಲಿಲ್ಲ. ವರದಿ ಒಪ್ಪಿಸುತ್ತಿದ್ದೆ. ಬೇಡಿದ್ದು ಇವತ್ತು, ಕೆಸರಲ್ಲಿ."

ಇನ್ನಾಸಪ್ಪ ಮೂಗು ಒರೆಸಿಕೊಂಡ. ಅವನ ಲೆಕ್ಕಾಚಾರದ ಬುದ್ಧಿ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ.

"ತೊಳೆಯೋರು ನೀವೇ ಆದರೆ ನಾನು ನೆಟ್ಟಗೆ ನಡೆಯುವುದಾದರೂ ಯಾಕೆ? ನೇಮ ನಿಷ್ಠೆ ಎಲ್ಲ ಬಿಟ್ಟು ಹಾಯಾಗಿ ಇದ್ದುಬಿಡಬಹುದಲ್ಲ."

ಸ್ವಾಮಿ ಎದ್ದರು. ಬೋಗುಣಿಯ ನೀರು ಚೆಲ್ಲಿ ಹೊಸ ನೀರು ತುಂಬಿದರು. ಟವೆಲನ್ನು ಅವನ ಹೆಗಲ ಮೇಲೆ ಹಾಕಿದರು. ಕಂಬಕ್ಕೆ ಒರಗಿ ನಿಂತಿದ್ದ ಮಾರ್ತಮ್ಮನ ಕಾಲಿನಿಂದ ಕೆಸರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಏಳು," ಎಂದರು, "ಮಾರ್ತಮ್ಮ ಕೂತ್ಕೊಳ್ಳಲಿ."