ರಾಜನ ಸೀನು, ಊರಿನ ಒಗ್ಗರಣೆ

ಏಳು ಕೆರೆ ಆಚೆಗೆ, ಏಳು ಗುಡ್ಡ ಈಚೆಗೆ ಒಂದೂರಿತ್ತಂತೆ. ಆ ಊರಿಗೊಬ್ಬ ರಾಜ. ಅವನ ಮಾತೇ ಕಟ್ಟಳೆ. ಬೆಳಗ್ಗೆ ಬಾಯಿಗೆ ಬಂದದ್ದು ಮಧ್ಯಾಹ್ನಕ್ಕೆ ಡಂಗುರವಾಗುತ್ತಿತ್ತಂತೆ. ಗಂಡಸರೆಲ್ಲ ಕೆಂಪು ರುಮಾಲು ಸುತ್ತಬೇಕು ಅಂದ, ಸುತ್ತಿದರು. ಕೆಂಪು ನೋಡಿ ನೋಡಿ ಬೇಸರ ಬಂತು, ಬಿಳಿ ಅಂದ. ಬಿಳಿ ಸುತ್ತಿದರು. ರಾಜನ ಕಣ್ಣಿಗೆ ಬಿದ್ದದ್ದು ಬದಲಾಗುತ್ತಿತ್ತು, ಕಣ್ಣಿಗೆ ಬೀಳದ್ದು ಹಾಗೇ ಉಳಿಯುತ್ತಿತ್ತು. ನಮ್ಮ ಕಥೆ ಇರೋದು ಆ ಉಳಿದದ್ದರಲ್ಲಿ.

ಒಂದು ದಿನ ರಾಜ ತುಂಬಿದ ಸಭೆಯಲ್ಲಿ ಕೂತಿದ್ದಾಗ ಅಡುಗೆಮನೆಯಿಂದ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತಂತೆ. ಸೀನಿದ ನೋಡಿ, ತಲೆ ಮೇಲಿನ ಪೇಟ ಹಾರಿ ದಿವಾನನ ಮಡಿಲಿಗೆ ಬಿತ್ತು. ನಮ್ಮಲ್ಲಿ ಯಾರಾದರೂ ಸೀನಿದರೆ ಹಿರಿಯರು "ನೂರು ವರ್ಷ ಬಾಳು" ಅಂತಾರಲ್ಲ, ಆ ಊರಲ್ಲೂ ಹಾಗೇ. ಆದರೆ ಅವತ್ತು ಒಬ್ಬರೂ ಅನ್ನಲಿಲ್ಲ. ಬಾಯಿಬಿಟ್ಟರೆ ಪೇಟ ಬಿದ್ದದ್ದನ್ನು ನೋಡಿದೆ ಅಂದ ಹಾಗಾಗುತ್ತದೆ ಅಂತ ಎಲ್ಲರೂ ನೆಲ ನೋಡಿದರು. ಆ ಮೌನ ರಾಜನಿಗೆ ಮೆಣಸಿನಕಾಯಿಗಿಂತ ಖಾರವಾಯಿತು. "ಇನ್ನು ನನ್ನ ಸೀಮೆಯಲ್ಲಿ ಯಾರೂ ಒಗ್ಗರಣೆ ಹಾಕಕೂಡದು. ಹಾಕಿದವರ ಒಲೆ ಕಿತ್ತು ಊರು ಬಿಡಿಸಿ" ಅಂದ.

ಸಂಜೆಗೆ ರಾಜ ಮರೆತ. ಊರು ಮರೆಯುವ ಹಾಗಿರಲಿಲ್ಲ. ದಿವಾನನಿಗೂ ಸಪ್ಪೆ ಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಆದರೆ ಅಪ್ಪಣೆ ನೆನಪಿಸಬೇಕಾದರೆ ಸೀನು ನೆನಪಿಸಬೇಕು, ಸೀನು ನೆನಪಿಸಿದರೆ ಪೇಟ ನೆನಪಿಸಬೇಕು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಇತ್ತ ರಾಜನೇ ಸಾರು ಸಪ್ಪೆ ಅಂತ ಅಡುಗೆಯವನನ್ನು ಓಡಿಸಿದ. ಇನ್ನೊಬ್ಬ ಬಂದ, ಅವನನ್ನೂ ಓಡಿಸಿದ. ಕೆಲಸ ಹೋದರೆ ಹೋಗಲಿ, ತಲೆ ಉಳಿಯಲಿ ಅಂತ ಅವರೂ ಯಾಕೆ ಸಪ್ಪೆ ಅನ್ನೋದನ್ನು ಹೇಳಲಿಲ್ಲ. ಅಡುಗೆಯವರು ಬದಲಾದರು, ರುಮಾಲಿನ ಬಣ್ಣ ಬದಲಾಯಿತು, ಸಾರು ಮಾತ್ರ ವರ್ಷಾನುಗಟ್ಟಲೆ ಸಪ್ಪೆಯಾಗೇ ಉಳಿಯಿತಂತೆ.

ಆ ಊರಲ್ಲಿ ಹೊಂಬಾಳವ್ವ ಅಂತ ಒಬ್ಬ ಮುದುಕಿ. ಅವಳ ಸೊಸೆ ಕೆಂಪಿ ಬಸುರಿ. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲದೆ ಹುಡುಗಿ ಒಣಗಿ ಕಡ್ಡಿಯಾಗಿದ್ದಳು. ಸೂಲಗಿತ್ತಿ ಬಂದು ನೋಡಿ, "ಹಿಂಗೇ ಆದ್ರೆ ತಾಯಿನೂ ಉಳಿಯಾಕಿಲ್ಲ, ಮಗೀನೂ ಉಳಿಯಾಕಿಲ್ಲ" ಅಂದಳು.

ಹೊಂಬಾಳವ್ವ ಸೊಸೆಯ ತಲೆ ಸವರಿ, "ಏನು ಬಯಕೆ ಅದೆ ಹೇಳು ಮಗಾ" ಅಂತ ಕೇಳಿದಳು.

"ಹೇಳಿದ್ರೆ ನಿಮ್ಮ ಒಲೆ ಹೋಯ್ತದೆ, ಅತ್ತೆಮ್ಮ."

"ಒಲೆ ಮಣ್ಣಿಂದು. ಇನ್ನೊಂದು ಮೆತ್ತಬೌದು. ಹೇಳು."

"ಹುರುಳಿಕಟ್ಟಿನ ಸಾರು. ಬೆಳ್ಳುಳ್ಳಿ ಒಗ್ಗರಣೆ ಹಾಕಿ."

ಕದ್ದು ಏನು ಬೇಕಾದರೂ ಮಾಡಬಹುದು, ಒಗ್ಗರಣೆ ಮಾತ್ರ ಕದ್ದು ಹಾಕೋಕಾಗಲ್ಲ. ಅದಕ್ಕೇ ಹೊಂಬಾಳವ್ವ ನಡುಮಧ್ಯಾಹ್ನ ಬಾಗಿಲು ತೆರೆದಿಟ್ಟೇ ಹಾಕಿದಳಂತೆ. ಸಾಸಿವೆ ಚಟಪಟ ಅಂದದ್ದೇ ತಡ, ಬೀದಿಗೆ ಬೀದಿಯೇ ಹೊರಗೆ ಬಂತು. ಎಲ್ಲರೂ ನಿಂತು ಮೂಗಿನ ತುಂಬ ಎಳೆದುಕೊಂಡರು. ಕೆಲವರು ಅತ್ತೇಬಿಟ್ಟರು. ಕೆಂಪಿ ಎರಡು ಮುದ್ದೆ ಉಂಡಳು. ಉಂಡದ್ದು ನಿಂತಿತು. ಹಿಡಿಯೋಕೆ ಬಂದ ಭಟರು ಅವಳ ಊಟ ಮುಗಿಯೋವರೆಗೂ ಬಾಗಿಲಲ್ಲೇ ಕಾದರಂತೆ, ಪುಣ್ಯಾತ್ಮರು. ಆಮೇಲೆ ಸಾಕ್ಷಿಗೆ ಸಾರಿನ ಮಡಕೆ ಎತ್ತಿಕೊಂಡು, ಮುದುಕಿಯನ್ನು ರಾಜಸಭೆಗೆ ಕರೆದೊಯ್ದರು.

ಘಮ ರಾಜನ ಮೂಗಿಗೆ ಬಡಿಯಿತು. "ಇದು ನಮ್ಮವ್ವ ಮಾಡ್ತಿದ್ದ ಸಾರು. ಇಷ್ಟು ದಿನ ನನಗ್ಯಾಕೆ ಯಾರೂ ಇದನ್ನ ಬಡಿಸಲಿಲ್ಲ?" ಅಂದ.

ದಿವಾನ ನೆಲ ನೋಡಿದ. ಸಭೆಯೂ ನೆಲ ನೋಡಿತು.

ಹೊಂಬಾಳವ್ವ ಹೇಳಿದಳು: "ನೀವೇ ಬ್ಯಾಡ ಅಂದಿದ್ರಿ, ಬುದ್ಧಿ. ಅವತ್ತು ಸೀನು ಬಂತು, ಪೇಟ ಬಿತ್ತು. ಸೀನು ಅವತ್ತೇ ಹೋಯ್ತು, ಅಪ್ಪಣೆ ಮಾತ್ರ ನಿಂತ್ಕೊಂಡ್ತು."

ರಾಜನ ಮುಖ ಕೆಂಪಾಯಿತು, ಕೈ ಪೇಟಕ್ಕೆ ಹೋಯಿತು. ಏನೋ ಹೇಳೋಕೆ ಬಾಯಿ ತೆರೆದ. ಅಷ್ಟರಲ್ಲಿ ಮಡಕೆಯ ಘಾಟು ನೆತ್ತಿಗೇರಿ ಜೋರಾಗಿ ಸೀನಿದ. ಪೇಟ ಉರುಳಿ ಮುದುಕಿಯ ಕಾಲ ಬಳಿ ಬಿತ್ತು.

"ನೂರು ವರ್ಷ ಬಾಳು, ಮಗಾ" ಅಂದಳು ಹೊಂಬಾಳವ್ವ. ಮನೆಯ ಮಕ್ಕಳಿಗೆ ಅಂದು ಅಂದು ರೂಢಿಯಾದ ಬಾಯಿ ಅದು. ಪೇಟ ಎತ್ತಿ, ಧೂಳು ಕೊಡವಿ ಅವನ ಕೈಗೆ ಕೊಟ್ಟಳು.

ರಾಜ ಪೇಟವನ್ನು ತಲೆಗಿಡದೆ ತೊಡೆ ಮೇಲಿಟ್ಟುಕೊಂಡನಂತೆ. ಆಮೇಲೆ, "ಅವತ್ತೂ ಯಾರಾದ್ರೂ ಹೀಗಂದಿದ್ರೆ ಆಗಿತ್ತು" ಅಂದ. "ಊರೆಲ್ಲ ಒಗ್ಗರಣೆ ಹಾಕ್ಕೊಳ್ಳಲಿ, ಡಂಗುರ ಹೊಡೀರಿ. ಮೊದಲು ನನಗೊಂದು ಬಟ್ಟಲು ಸಾರು ಹಾಕಿ."

ಸಂಜೆ ಊರೆಲ್ಲ ಚಟಪಟ. ಜನ ಅರಮನೆ ಕಡೆ ತಿರುಗಿ ಕೈಮುಗಿದರಂತೆ. ತಮ್ಮ ಒಗ್ಗರಣೆ ತಮಗೇ ಕೊಟ್ಟವನಿಗೆ ಕೈಮುಗಿದರು ನೋಡಿ, ಜನ ಅಂದರೆ ಹಾಗೇ. ರಾಜ ಪೂರ್ತಿ ಬದಲಾದನೇ ಅಂತ ಕೇಳಬೇಡಿ. ಮಾರನೇ ದಿನವೇ ಎತ್ತುಗಳ ಕೊಂಬಿಗೆಲ್ಲ ನೀಲಿ ಬಳಿಯಬೇಕು ಅಂತ ಡಂಗುರವಾಯಿತು. ಆದರೆ ಅವನು ಸೀನಿದರೆ ನೂರು ವರ್ಷ ಅನ್ನೋದನ್ನು ಸಭೆ ಕಲಿತಿತ್ತು. ಅಷ್ಟು ಅನ್ನೋಕೆ ತೆರೆದ ಬಾಯಿಗೆ "ಇದು ಬೇಡ ಬುದ್ಧಿ" ಅನ್ನೋ ಮುಂದಿನ ಮಾತೂ ಬಂತು. ನೀಲಿ ಬಣ್ಣ ಒಂದು ವಾರವೂ ನಿಲ್ಲಲಿಲ್ಲವಂತೆ.

ಕೆಂಪಿಗೆ ಗುಂಡುಕಲ್ಲಿನಂಥ ಹೆಣ್ಣುಮಗು ಹುಟ್ಟಿತು. ನಮ್ಮಜ್ಜಿ ಸಾಸಿವೆ ಸಿಡಿಸುವಾಗಲೆಲ್ಲ, "ನಿನ್ನ ಹೊಟ್ಟೆ ತಣ್ಣಗಿರಲಿ, ಹೊಂಬಾಳವ್ವ" ಅನ್ನುತ್ತಿದ್ದಳು. ಈಗ ನಾನೂ ಅಂತೀನಿ. ಅವರು ಅಲ್ಲಿ ಸಾರು ಸುರಿದುಕೊಂಡು ಉಂಡರು, ನಾವು ಇಲ್ಲಿ ಅದರ ಘಮ ಕುಡಿದು ಎದ್ದೆವು.