ತಗಡಿನ ಆಚೆಯ ಹೊಲ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಕೆರೆ ಕಟ್ಟಿಸಿದವರನ್ನು ಊರು ನೆನೆಯುತ್ತದೆ. ಗುಡಿ ಕಟ್ಟಿಸಿದವರನ್ನೂ ನೆನೆಯುತ್ತದೆ. ಏನನ್ನೂ ಕಟ್ಟದೆ ಹೋದವರು ಲೋಕಕ್ಕೆ ಏನು ಮಾಡಿದಂತಾಯಿತು?"

ಗುರುಗಳು ಹೇಳಿದರು:

ಕರಿಮಣ್ಣಿನ ಸೀಮೆಯಲ್ಲಿ ಎರಡು ಊರುಗಳಿದ್ದವು. ನಡುವೆ ಒಂದು ಉದ್ದನೆಯ ದಿಬ್ಬ, ಅದರ ನೆತ್ತಿಯ ಮೇಲೆ ರಸ್ತೆ. ರಸ್ತೆಯ ಎರಡೂ ಕಡೆ ಹೊಲಗಳು ಇಳಿಯುತ್ತಾ ಹೋಗಿ ಹಳ್ಳ ಮುಟ್ಟುತ್ತಿದ್ದವು. ಹಿಂಗಾರಿನಲ್ಲಿ ಜೋಳ ಹಸಿರಾಗಿ ನಿಲ್ಲುತ್ತಿತ್ತು, ಕುಸುಬೆ ಹಳದಿ ಹೂ ಬಿಡುತ್ತಿತ್ತು. ಬೇವಿನ ಮರಗಳನ್ನು ಬಿಟ್ಟರೆ ಆ ರಸ್ತೆಯಿಂದ ನೋಡುವ ಕಣ್ಣಿಗೆ ಬೇರೆ ಯಾವ ಅಡ್ಡಿಯೂ ಇರಲಿಲ್ಲ.

ಡಾಂಬರು ಬಿದ್ದ ಮೇಲೆ ಪಟ್ಟಣದ ಜನ ಕಾರಿನಲ್ಲಿ ಬರತೊಡಗಿದರು. ದಿಬ್ಬದ ಮೇಲೆ ನಿಲ್ಲಿಸಿ, ನೋಡಿ ಹೋಗುತ್ತಿದ್ದರು. ಕಾರುಗಳು ನಿಲ್ಲುವುದನ್ನು ಒಬ್ಬ ವ್ಯಾಪಾರಿ ಕಂಡ. ದಿಬ್ಬದ ಉದ್ದಕ್ಕೂ ಹೋಟೆಲು, ಅಂಗಡಿ, ಮನೆಯ ಸೈಟುಗಳು ಬರಬೇಕೆಂದು ಯೋಚಿಸಿದ. ಒಬ್ಬೊಬ್ಬರಾಗಿ ರೈತರನ್ನು ಕಂಡು ಮಾತಾಡಿದ.

ಈಚೆ ಊರಿನ ಫಕೀರಗೌಡನೆಂಬ ರೈತನ ಹೊಲ ರಸ್ತೆಯ ತಿರುವಿನಲ್ಲಿತ್ತು. ಅಲ್ಲಿಂದ ಇಡೀ ಬಯಲು ಕಾಣುತ್ತಿತ್ತು. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಫಸಲು ಕಡಿಮೆಯಾಗಿತ್ತು. ಫಕೀರಗೌಡ ಕೊಡುತ್ತೇನೆಂದು ಮಾತು ಕೊಟ್ಟ. ಕ್ರಯಪತ್ರ ಆಗುವ ಮೊದಲೇ ವ್ಯಾಪಾರಿ ರಸ್ತೆಯ ಬದಿಗೆ ಆಳೆತ್ತರದ ತಗಡಿನ ಬೇಲಿ ನಿಲ್ಲಿಸಿದ.

ಆ ವಾರದ ಸಂತೆಯ ದಿನ ಫಕೀರಗೌಡ ಬಸ್ಸಿನಲ್ಲಿ ಮರಳುತ್ತಿದ್ದ. ಬಸ್ಸು ತಿರುವಿಗೆ ಬಂತು. ಕಿಟಕಿಯ ಪಕ್ಕ ಕೂತಿದ್ದ ಆಚೆ ಊರಿನ ಮುದುಕಿ ನೀಲಗಂಗವ್ವ ತಗಡನ್ನು ನೋಡಿ ಗಾಬರಿಯಾದಳು. ಅವಳು ಕೂಲಿಯವಳು. ಅವಳಿಗೆ ಅಂಗೈಯಷ್ಟೂ ನೆಲವಿರಲಿಲ್ಲ.

"ಯಾರವ್ವಾ ನಮ್ಮ ಹೊಲಾ ಮುಚ್ಚಿದವರು?" ಎಂದಳು.

ಫಕೀರಗೌಡನಿಗೆ ಸಿಟ್ಟು ಬಂತು. "ನಿಂದ್ಯಾವ ಹೊಲಾ ಬೇ? ಅದು ನನ್ನ ಹೊಲಾ."

"ಬಿತ್ತಾಕ ನಿಂದ ಐತಿ ಗೌಡಾ. ನೋಡಾಕ ನಂದೂ ಇತ್ತು. ದಿನಾ ಮಂದಿ ಹೊಲದಾಗ ಬಗ್ಗಿ ದುಡದು ಬರತೇನಿ. ಈ ತಿರುವಿಗೆ ಬಂದಾಗ ಒಮ್ಮೆ ತಲಿ ಎತ್ತತಿದ್ದೆ. ಇನ್ನ ಯಾಕ ಎತ್ತಲಿ?"

ಬಸ್ಸಿನಲ್ಲಿದ್ದ ಹೆಂಗಸರು ಯಾರೂ ಅವಳನ್ನು ನೋಡಿ ನಗಲಿಲ್ಲ. ಎಲ್ಲರೂ ಫಕೀರಗೌಡನನ್ನು ನೋಡಿದರು.

ಅವನು ಮನೆಗೆ ಹೋದ. ಉಣ್ಣಲು ಕೂತಾಗಲೂ ಮುದುಕಿಯ ಮಾತೇ ಕಿವಿಯಲ್ಲಿತ್ತು. ಬೆಳಗಾದ ಮೇಲೆ ವ್ಯಾಪಾರಿಯನ್ನು ಕಂಡು, ಹೊಲ ಕೊಡುವುದಿಲ್ಲ, ತಗಡು ತೆಗೆಸು ಎಂದ. ವ್ಯಾಪಾರಿ ತೆಗೆಸಲಿಲ್ಲ. "ನೀನಿಲ್ಲದಿದ್ದರೆ ನಿನ್ನ ಪಕ್ಕದವನು ಕೊಡುತ್ತಾನೆ" ಎಂದ. ಆ ಮಾತು ಸುಳ್ಳಾಗಿರಲಿಲ್ಲ.

ಆಗ ಫಕೀರಗೌಡ ಮನೆ ಮನೆಗೆ ನಡೆದ. ದಿಬ್ಬದ ಮೇಲೆ ಹೊಲವಿದ್ದವರನ್ನೆಲ್ಲ ಕೇಳಿಕೊಂಡ. ಉಳುವುದನ್ನು ಉಳೋಣ, ಬೆಳೆಯುವುದನ್ನು ಬೆಳೆಯೋಣ, ರಸ್ತೆಯ ಬದಿಯಲ್ಲಿ ಮಾತ್ರ ಗೋಡೆ, ಮನೆ, ಬೋರ್ಡು ಏನೂ ಬೇಡ ಎಂದ. ಕೆಲವರು ಒಪ್ಪಿದರು. ಕೆಲವರು ಬೈದು ಕಳಿಸಿದರು. ಅವನ ತಮ್ಮನೇ ಅವನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಬಂದ ಭಾಗ್ಯವನ್ನು ಅಣ್ಣ ಒದ್ದನೆಂದು ಅವನಿಗೆ ಸಂಕಟ.

ಆಚೆ ಊರಿನಲ್ಲಿ ನೀಲಗಂಗವ್ವ ಹೊರಟಳು. ಹೊಲವಿಲ್ಲದವರ ಮನೆಗಳಿಗೆಲ್ಲ ಹೋದಳು. ಕೂಲಿಯವರು, ಕುರಿ ಕಾಯುವವರು, ಬಸ್ಸಿನ ಡ್ರೈವರು, ಶಾಲೆಯ ಮೇಷ್ಟ್ರು ಅವಳ ಜೊತೆ ಸೇರಿದರು. ಹೊಲದವರ ಹಿಂದೆ ಹೊಲವಿಲ್ಲದವರು ನಿಂತದ್ದನ್ನು ನೋಡಿ, ಮೊದಲು ಬೈದವರಲ್ಲಿ ಹಲವರು ಬಾಗಿಲು ತೆರೆದರು.

ವ್ಯಾಪಾರಿ ಸರ್ಕಾರಕ್ಕೆ ಅರ್ಜಿ ಹಾಕಿದ್ದ. ಬೇವಿನ ಮರಗಳನ್ನು ಕಡಿದು ರಸ್ತೆ ಅಗಲ ಮಾಡಬೇಕು, ದಿಬ್ಬದ ಮೇಲೆ ಕಟ್ಟಲು ಅಪ್ಪಣೆ ಬೇಕು ಎಂದು. ಅಧಿಕಾರಿ ತಾಲೂಕು ಕಚೇರಿಯಲ್ಲಿ ಸಭೆ ಕರೆದ. ಎರಡೂ ಊರಿನ ಜನ ನಡೆದೇ ಹೋದರು. ಒಳಗೆ ಜಾಗ ಸಾಲದೆ ಅಂಗಳದಲ್ಲಿ ನಿಂತರು.

ಅಧಿಕಾರಿ ಕೇಳಿದ: "ಹೋಟೆಲು ಬಂದರೆ ನಿಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ. ಯಾಕೆ ಬೇಡವೆನ್ನುತ್ತೀರಿ?"

ಫಕೀರಗೌಡ ಹೇಳಿದ: "ಕೆಲಸ ಬೇಕ್ರಿ. ಹೋಟೆಲ್ಲೂ ಆಗಲಿ. ದಿಬ್ಬದ ಕೆಳಗ, ಊರ ಬಾಜೂಕ ಜಾಗಾ ಐತಿ. ಮಂದಿ ಬರೂದು ಬಯಲು ನೋಡಾಕರಿ. ಅದನ್ನ ಮುಚ್ಚಿ ಹೋಟೆಲ್ ಕಟ್ಟಿದ್ರ ಬಂದವರು ಏನು ನೋಡಬೇಕ್ರಿ?"

ಅಂಗಳದಿಂದ ನೀಲಗಂಗವ್ವ ಕೂಗಿದಳು: "ಸಾಹೇಬ್ರ, ಒಮ್ಮೆ ನಮ್ಮ ಬಸ್ಸಿನಾಗ ಬರ್ರಿ. ಆಮ್ಯಾಲ ಏನರ ಬರೀರಿ."

ಅಧಿಕಾರಿ ಬಂದ. ಅದು ಕುಸುಬೆ ಹೂ ಬಿಟ್ಟ ಕಾಲ. ಬಸ್ಸು ತುಂಬಿತ್ತು. ಯಾರೂ ಅವನಿಗೆ ಏನೂ ಹೇಳಲಿಲ್ಲ. ತಗಡಿನ ಪಕ್ಕ ಹೋಗುವಾಗ ಅವನು ತೊಡೆಯ ಮೇಲಿನ ಕಾಗದಗಳನ್ನು ತಿರುವುತ್ತಿದ್ದ. ತಗಡು ಮುಗಿಯಿತು. ಬಿಸಿಲು ಒಮ್ಮೆಲೇ ಒಳಗೆ ಬಂತು. ಅವನು ತಲೆಯೆತ್ತಿದ. ಹಳ್ಳದವರೆಗೂ ಹಳದಿ, ಅದರಾಚೆಗೆ ಹಸಿರು. ಅವನು ಬಸ್ಸು ನಿಲ್ಲಿಸಲು ಹೇಳಿ ಕೆಳಗಿಳಿದ. ಬಹಳ ಹೊತ್ತು ನಿಂತ. ಹಿಂದಕ್ಕೆ ನಡೆದುಹೋಗಿ ತಗಡನ್ನು ಕೈಯಿಂದ ತಟ್ಟಿ, "ಇದನ್ನು ಯಾರು ಹಾಕಿದ್ದು?" ಎಂದು ಕೇಳಿದ.

ಅಪ್ಪಣೆ ಬಂತು. ದಿಬ್ಬದ ಮೇಲೆ ಏನನ್ನೂ ಕಟ್ಟಕೂಡದು, ನಿಲ್ಲಿಸಿದ ತಗಡನ್ನು ತೆಗೆಯಬೇಕು, ಬೇವಿನ ಮರಗಳನ್ನು ಮುಟ್ಟಕೂಡದು, ಕಟ್ಟುವವರು ಕೆಳಗೆ ಊರ ಪಕ್ಕದಲ್ಲಿ ಕಟ್ಟಬಹುದು ಎಂದು.

ತಗಡು ಕೀಳುವ ದಿನ ಎರಡೂ ಊರಿನ ಜನ ದಿಬ್ಬದ ಮೇಲಿದ್ದರು. ಮೊದಲ ತಗಡಿಗೆ ಕೈಹಾಕಿದವನು ಫಕೀರಗೌಡನ ತಮ್ಮ. ಅಣ್ಣ ಇನ್ನೊಂದು ತುದಿ ಹಿಡಿದ. ಒಂದೊಂದು ತಗಡು ಬಿದ್ದಾಗಲೂ ಜನ ಹೋ ಎಂದು ಕೂಗಿದರು. ಕೊನೆಯದು ಬಿದ್ದಾಗ ಹಲಗೆ ವಾದ್ಯದ ಬಡಿತ ಶುರುವಾಯಿತು. ನೀಲಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು ಬಯಲನ್ನು ನೋಡಿದಳು. ಸಂಜೆಯ ಬಸ್ಸು ಬಂದರೂ ಯಾರೂ ಹತ್ತಲಿಲ್ಲ. ಬಸ್ಸಿನಲ್ಲಿದ್ದವರೇ ಇಳಿದು, ಎಲ್ಲರ ಜೊತೆ ಹಾಡುತ್ತಾ ಮನೆಗೆ ನಡೆದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ಅವನು ಕೇಳಿದ: "ಅಂಥವರ ಹೆಸರು ಕೆತ್ತಿದ ಒಂದು ಕಲ್ಲಾದರೂ ಆ ತಿರುವಿನಲ್ಲಿದೆಯೇ?"

"ಕಲ್ಲು ನಿಲ್ಲಿಸಿದ್ದರೆ ಅದರ ಹಿಂದೆ ಬರುವಷ್ಟು ಹೊಲ ಕಾಣುತ್ತಿರಲಿಲ್ಲವಲ್ಲ" ಎಂದರು ಗುರುಗಳು.