ಹಿರೇಮಡುವಿನ ಕಿವಿಬಂಡೆ

ಕಿವಿಬಂಡೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ಹಿರೇಮಡುವಿನಲ್ಲಿ ಹರಿಗೋಲು ಹಾಕುತ್ತಿದ್ದ ಚೌಡವ್ವ. ಹೊಳೆ ಕೆಂಗೊಪ್ಪದ ಬಳಿ ತಿರುಗಿ, ಆಳವಾಗಿ ನಿಂತ ಕಡೆ ಇದೆ ಆ ಕಪ್ಪು ಬಂಡೆ. ಬಹಳ ಹೊತ್ತು ದಿಟ್ಟಿಸಿದರೆ ಮಲಗಿದ ಎಮ್ಮೆಯಂತೆ ಕಂಡೀತೇ ಹೊರತು ಕಿವಿಯಂತೆ ಯಾವ ಕೋನದಿಂದಲೂ ಕಾಣದು. ಮೈತುಂಬ ಸಣ್ಣ ಸಣ್ಣ ಗೀರುಗಳಿವೆ. ಯಾವುದೋ ಕಾಳಗಕ್ಕೆ ಕತ್ತಿ ಮಸೆದ ಗುರುತೆಂದು ನೋಡಲು ಬಂದವರು ತಿಳಿಯುತ್ತಾರೆ. ಕಾಳಗವೇನೋ ನಡೆದಿತ್ತು, ಕತ್ತಿಯದಲ್ಲ.

ಹಿಂದೆ ಒಮ್ಮೆ, ದಾಟಲು ಸೇತುವೆಯಿಲ್ಲದ ಕಾಲದಲ್ಲಿ, ಈ ದಡದ ಅಂಬಿಗರಲ್ಲಿ ಹೆಣ್ಣು ನೋಡುವ ಪದ್ಧತಿಯೇ ಬೇರೆಯಿತ್ತು ಎನ್ನುತ್ತಾರೆ. ಗಂಡು ಹುಡುಗಿಯ ಊರಿನ ಮಡುವಿಗೆ ಬಂದು ಎಲ್ಲರೆದುರು ಗಾಳ ಹಾಕಬೇಕು. ಮೊದಲ ಗಾಳಕ್ಕೆ ಸಿಕ್ಕಿದ್ದನ್ನು ಅವನು ಮುಟ್ಟುವಂತಿಲ್ಲ. ಹುಡುಗಿ ಮುಂದೆ ಬಂದು ಗಾಳದಿಂದ ಮೀನು ಬಿಡಿಸಿದರೆ ಒಪ್ಪಿದಳೆಂದು ಅರ್ಥ; ಅದನ್ನೇ ಅಡುಗೆ ಮಾಡಿ ಎರಡೂ ಕಡೆಯವರು ಉಣ್ಣುವುದು. ಕುಡಗೋಲು ತೆಗೆದು ದಾರ ಕೊಯ್ದರೆ ಬಂದವರು ಬಂದ ಹಾದಿ ಹಿಡಿಯಬೇಕು. ಏಕೆ ಎಂದು ಯಾರೂ ಕೇಳುವಂತಿಲ್ಲ. ನಾಲಿಗೆಗೆ ಕೆಲಸ ಕೊಡದ ಇಂಥ ಏರ್ಪಾಡನ್ನು ಯಾರು ಮಾಡಿದರೋ, ಹೆಣ್ಣುಮಕ್ಕಳ ಮಟ್ಟಿಗೆ ಅದು ಕೆಟ್ಟದ್ದೇನೂ ಆಗಿರಲಿಲ್ಲ.

ಅಂಬಿಗರ ಯಜಮಾನ ಗುತ್ಯಪ್ಪನ ಮಗಳು ಕೆಂಚವ್ವ. ಅವಳನ್ನು ಕೇಳಲು ಕೆಳಗಿನ ಹೊಳೆಸಾಲಿನಿಂದ ಬರಮ ಎಂಬವನು ಬರುತ್ತಾನೆಂದು ತಿಳಿದಾಗ ಗುತ್ಯಪ್ಪ ಮುಖ ಸಿಂಡರಿಸಿದ. ಮೊಣಕಾಲುದ್ದ ನೀರಿನಲ್ಲಿ ಹರಿಗೋಲು ಮಗುಚಿಕೊಂಡವನೆಂದು ಬರಮನಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಅಂದು ಬೆಳಿಗ್ಗೆ ಅಪ್ಪ ತಾನೇ ಕುಡಗೋಲು ಮಸೆದು ಮಗಳ ಕೈಗಿತ್ತ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದಿನ ಮಳೆಗಾಲದಲ್ಲಿ ಅವಳ ಹರಿಗೋಲು ಸುಳಿಗೆ ಬಿದ್ದಾಗ ಈಜಿ ಬಂದು ದಡಕ್ಕೆ ಎಳೆದವನು ಇದೇ ಬರಮ. ದಡ ಮುಟ್ಟಿದ ಮೇಲೆ ತಾನೇ ಕಾಲು ಜಾರಿ ಬಿದ್ದು, ಅವಳಿಗಿಂತ ಮೊದಲು ನಕ್ಕಿದ್ದ. ಆ ನಗು ಅವಳಿಗೆ ಮರೆತಿರಲಿಲ್ಲ. ಇದನ್ನು ಅಪ್ಪನಿಗೆ ಹೇಳಿದರೆ ಬಿದ್ದದ್ದಷ್ಟೇ ಕಿವಿಗೆ ಹೋಗುತ್ತದೆಂದೂ ಅವಳಿಗೆ ಗೊತ್ತಿತ್ತು.

ಬರಮ ಬಂಡೆಯ ಮೇಲೆ ನಿಂತು ಕೋಲನ್ನು ಹಿಂದಕ್ಕೆತ್ತಿದ. ಹಾಗೇ ಎಸೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ನೋಡುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆ ತಿರುಗಿದ. ತಿರುಗಿದ ಭರಕ್ಕೆ ದಾರ ಸುತ್ತಿ ಬಂದು, ಮಗಳ ಪಕ್ಕದಲ್ಲೇ ಕಾವಲು ನಿಂತಿದ್ದ ಗುತ್ಯಪ್ಪನ ಕಿವಿಯ ಹಾಲೆಗೆ ಗಾಳ ಕಚ್ಚಿತು. ಮಡುವಿನಲ್ಲಿದ್ದ ಕೊಕ್ಕರೆಗಳೆಲ್ಲ ಹಾರಿಹೋಗುವಂತೆ ಗುತ್ಯಪ್ಪ ಕೂಗಿದ.

"ಕೊಯ್ಯ ದಾರಾ! ನಿಂತ್ಕೊಂಡ ಏನ್ ನೋಡ್ತಿ?"

ಕೆಂಚವ್ವನ ಕೈ ಕುಡಗೋಲಿಗೆ ಹೋಯಿತು. ಅಷ್ಟರಲ್ಲಿ ಗುತ್ಯಪ್ಪನ ಅಕ್ಕ ದುರ್ಗವ್ವ ಎಲೆಯಡಿಕೆ ಉಗುಳಿ ಬಾಯಿ ತೆರೆದಳು. "ಕೊಯ್ದ್ರ ಸಂಬಂಧ ಮುರೀತೈತಿ, ನೋಡಿ ಕೊಯ್ಯವ್ವಾ. ಮೊದಲ ಗಾಳಕ್ಕ ಸಿಕ್ಕಾಂವ ಇಂವ."

"ನಾ ಏನ್ ಮೀನೇನಕ್ಕಾ?"

"ಮೀನಾಗಿದ್ರ ಇಷ್ಟ ಒದರ್ತಿರಲಿಲ್ಲ."

"ಮಾವಾ, ಅಳ್ಳಾಡಬ್ಯಾಡ್ರಿ," ಎಂದ ಬರಮ, ಕೋಲು ಹಿಡಿದೇ.

"ಮಾವ ಇನ್ನೂ ಆಗಿಲ್ಲಲೇ!"

ಕೆಂಚವ್ವ ಕುಡಗೋಲಿನಿಂದ ಕೈ ತೆಗೆದಳು. ಕೊಯ್ದರೆ ಅಪ್ಪನಿಗೆ ಎಳೆತ ತಪ್ಪುತ್ತದೆ, ತನಗೆ ಬರಮ ತಪ್ಪುತ್ತಾನೆ. ಕೊಯ್ಯದೆ ಬಿಡಿಸಬೇಕು. ಮೀನಾದರೆ ಹಿಂದಕ್ಕೆಳೆದು ಬಿಡಿಸಬಹುದು. ಬಾಯಿ ಹರಿದರೂ ಮೀನು ದೂರು ಹೇಳುವುದಿಲ್ಲ. ಆದರೆ ಗಾಳದ ತುದಿಗೆ ಹಿಂದಕ್ಕೆ ಬಾಗಿದ ಮುಳ್ಳೊಂದಿರುತ್ತದೆ. ಎಳೆದರೆ ಅಪ್ಪನ ಕಿವಿ ಹರಿಯುವುದು ಖಂಡಿತ. ಅವಳಿಗೆ ಕೌದಿ ಹೊಲಿಯುವಾಗಿನ ಸೂಜಿ ನೆನಪಾಯಿತು. ದಪ್ಪ ಬಟ್ಟೆಯಲ್ಲಿ ಅರ್ಧ ಹೊಕ್ಕ ಸೂಜಿಯನ್ನು ಯಾರೂ ಹಿಂದಕ್ಕೆ ಜಗ್ಗುವುದಿಲ್ಲ.

"ಯಪ್ಪಾ, ಬಂಡಿ ಮ್ಯಾಲ ಕೆನ್ನಿ ಇಟ್ಟು ಸುಮ್ನ ಮಕ್ಕೋ," ಎಂದಳು.

ಊರಿಗೆಲ್ಲ ಯಜಮಾನನಾದವನು ಮಗಳ ಮಾತಿಗೆ ಬಂಡೆಯ ಮೇಲೆ ಮಲಗಿದ. ಅವಳು ಗಾಳವನ್ನು ಮುಂದಕ್ಕೇ ಒತ್ತಿದಳು. ಮುಳ್ಳು ಹಾಲೆಯ ಆಚೆ ಬದಿ ಹೊರಬಂತು. ಆ ತುದಿಯನ್ನು ಬಂಡೆಗೆ ಆನಿಸಿ, ಒರಟಾದ ಕಲ್ಲಿನ ಚೂರೊಂದರಿಂದ ಉಜ್ಜತೊಡಗಿದಳು. ಪ್ರತಿ ಉಜ್ಜಿಗೂ ಗುತ್ಯಪ್ಪ ಬರಮನ ಮನೆತನದ ಒಬ್ಬೊಬ್ಬ ಹಿರಿಯನನ್ನು ಹೆಸರು ಹಿಡಿದು ಬೈದನಂತೆ. ಹಿರಿಯರು ಮುಗಿದು ದನಕರುಗಳ ಸರದಿ ಬರುವ ಹೊತ್ತಿಗೆ ಮುಳ್ಳು ಸವೆದಿತ್ತು. ಮೊಂಡಾದ ಗಾಳ ಬಂದ ದಾರಿಯಲ್ಲೇ ನುಣ್ಣಗೆ ಜಾರಿ ಈಚೆಗೆ ಬಂತು. ದಾರ ಇಡಿಯಾಗಿತ್ತು, ಅದರ ಇನ್ನೊಂದು ತುದಿಯಲ್ಲಿ ಬರಮ ಇನ್ನೂ ಕೋಲು ಹಿಡಿದು ನಿಂತಿದ್ದ.

"ಬಿಡಿಸೀನಿ," ಎಂದಳು ಕೆಂಚವ್ವ, ಗಾಳವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು.

ಒಪ್ಪಿಗೆ ಆದಂತಾಯಿತು. ಆದರೆ ಊಟದ ಪ್ರಶ್ನೆ ಉಳಿದಿತ್ತು. ಅದನ್ನೂ ದುರ್ಗವ್ವನೇ ಬಗೆಹರಿಸಿದಳು: "ಸಿಕ್ಕಿದ್ದನ್ನ ಅಡಗಿ ಮಾಡಾಕ ಬರಂಗಿಲ್ಲ. ಸಿಕ್ಕಾಂವನೇ ಅಡಗಿ ಮಾಡಿಸಿ ಬಡಸ್ಲಿ." ಗುತ್ಯಪ್ಪ ಒಂದು ಕೈಯಲ್ಲಿ ಕಿವಿಗೆ ಅರಿಶಿನದ ಬಟ್ಟೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬೀಗರಿಗೆ ಸಾರು ಬಡಿಸಿದ ಎನ್ನುತ್ತಾರೆ. ಮದುವೆಯ ದಿನ ಬರಮ ಆ ಹೊಸ ತೂತಿಗೆ ಸರಿಯಾಗಿ, ಗಂಡಸರು ಕಿವಿಗೆ ಹಾಕುವ ಒಂಟಿಯೊಂದನ್ನು ಮಾಡಿಸಿ ತಂದ. ಗುತ್ಯಪ್ಪ ಅದನ್ನು ಕೊನೆಯವರೆಗೂ ತೆಗೆಯಲಿಲ್ಲ. ಕೇಳಿದವರಿಗೆ, ಚುಚ್ಚಿಸಿಕೊಂಡದ್ದು ತನ್ನದೇ ಇಷ್ಟದಿಂದ ಎನ್ನುತ್ತಿದ್ದನಂತೆ.

ಹೆಣ್ಣು ನೋಡುವ ಆ ಪದ್ಧತಿ ಈಗಿಲ್ಲ. ಆದರೂ ಹಿರೇಮಡುವಿಗೆ ಮೀನು ಹಿಡಿಯಲು ಬಂದವರು ಇಂದಿಗೂ ಮೊದಲು ಬಂಡೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಗಾಳದ ಮುಳ್ಳು ಉಜ್ಜಿ ಸವೆಸುತ್ತಾರೆ. ಗೀರುಗಳು ಅದರವೇ. ಮುಳ್ಳಿಲ್ಲದ ಗಾಳದಿಂದ ಅರ್ಧದಷ್ಟು ಮೀನುಗಳು ತಪ್ಪಿಸಿಕೊಂಡು ಹೋಗುತ್ತವೆ. ಅದಕ್ಕೆ ಯಾರೂ ಬೇಸರಿಸಿದಂತಿಲ್ಲ. ಮರೆತು ಕೋಲೆತ್ತಿದವನಿಗೆ ದಡದಿಂದ ಯಾರಾದರೂ "ಮಾವನ ಕಿವಿ!" ಎಂದು ಕೂಗುವುದು ಉಂಟು.

ಹರಿಗೋಲು ದಡ ಮುಟ್ಟಿದಾಗ ಚೌಡವ್ವ ನನ್ನ ಕೈಹಿಡಿದು ಇಳಿಸಿ ಹೇಳಿದ್ದಿಷ್ಟು, ಅದನ್ನೇ ನಿಮಗೆ ದಾಟಿಸುತ್ತಿದ್ದೇನೆ: "ಕೇಳಿ ಸುಮ್ನ ಕುಂದ್ರಬ್ಯಾಡವ್ವಾ, ಯಾರಿಗರ ಹೇಳು. ಹೇಳೂಮುಂದ ಮಾತ್ರ ಒಮ್ಮಿ ಹಿಂದ ತಿರುಗಿ, ಯಾರ ಕಿವಿ ಐತಿ ನೋಡ್ಕೋ."